ಸೊಟ್ಟ ಬೆರಳಿನ ತರ್ಕದ ಮಾಷ್ಟ್ರು

ಗುತ್ತಿಗಾರಿನ ಗೌಡರು ಬೆಳಿಗ್ಗೆ ಫೋನು ಮಾಡಿ ಎರಡೇ ವಾಕ್ಯ ಹೇಳಿದರು. "ಮಾಷ್ಟ್ರು ಹೋದ್ರು. ಮಧ್ಯಾಹ್ನ ಮೇಲೆ ಮಾಷ್ಟ್ರನ್ನು ಮನೆಗೆ ತರ್ತಾರೆ."

ನಾನು "ಛೆ" ಎಂದೆ. ಆಗ ಬೇರೇನೂ ತೋಚಲಿಲ್ಲ. ಫೋನು ಇಟ್ಟ ಮೇಲೆ ತೋಚಿತು. ಹೋದವರು ಮಾಷ್ಟ್ರಾದರೆ ಮಧ್ಯಾಹ್ನ ಆಸ್ಪತ್ರೆಯಿಂದ ಬರುವವರು ಯಾರು? ಬರುವವರು ಮಾಷ್ಟ್ರಾದರೆ ಹೋದವರು ಯಾರು? ಒಂದೇ ಉಸಿರಿನಲ್ಲಿ ಒಂದೇ ಪದವನ್ನು ಎರಡು ದಿಕ್ಕಿಗೆ ಅಟ್ಟಿದ ಗೌಡರನ್ನು ಮಾಷ್ಟ್ರು ಸುಮ್ಮನೆ ಬಿಡುವವರಲ್ಲ. ಆದರೆ ಆಕ್ಷೇಪಣೆ ಎತ್ತಬೇಕಾದವರು ಆ ಹೊತ್ತಿಗೆ ಎರಡೂ ವಾಕ್ಯಗಳ ಒಳಗೆ ಸಿಕ್ಕಿಬಿದ್ದಿದ್ದರು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಇದು ಗೌರವದ ಕೊರತೆಯಲ್ಲ. ಅವರ ಸಿದ್ಧಾಂತಕ್ಕೆ ಕೊಟ್ಟ ಗೌರವ. ಅದೇ ಹೆಸರಿನ ಒಬ್ಬ ದಂತವೈದ್ಯರು, ಒಬ್ಬ ಅಡಿಕೆ ವ್ಯಾಪಾರಿ, ಒಬ್ಬ ಸೌಟು ಹಿಡಿಯುವ ಅಡುಗೆಯವರು ನಮ್ಮ ಪುತ್ತೂರಿನಲ್ಲಿದ್ದಾರೆ. ಹೆಸರು ಹಾಕಿದರೆ ಓದುವವರ ಬೆರಳು ಯಾರ ಕಡೆಗೂ ತಿರುಗಬಹುದು. ದಂತವೈದ್ಯರು ಸದ್ಯ ಚೆನ್ನಾಗಿದ್ದಾರೆ.

ನಾವಿಬ್ಬರೂ ಪುತ್ತೂರಿನ ಒಂದು ಕಾಲೇಜಿನಲ್ಲಿದ್ದೆವು. ನಾನು ರಸಾಯನಶಾಸ್ತ್ರ, ಅವರು ತರ್ಕಶಾಸ್ತ್ರ. ಕಾಲೇಜಿನಲ್ಲಿ ಕಲಿಸುವವರನ್ನು 'ಸರ್' ಎನ್ನುವುದು ರೂಢಿ. ಅವರನ್ನು ಮಾತ್ರ ಪ್ರಿನ್ಸಿಪಾಲರಿಂದ ಹಿಡಿದು ಗಂಟೆ ಬಾರಿಸುವವರ ತನಕ ಎಲ್ಲರೂ 'ಮಾಷ್ಟ್ರು' ಎನ್ನುತ್ತಿದ್ದರು. 'ಊರೇ ಹಾಗೆ ಕರೆಯುತ್ತಿತ್ತು' ಎಂದು ಬರೆಯಲು ಹೊರಟಿದ್ದೆ, ಬಿಟ್ಟೆ. "ಊರಿಗೆ ಬಾಯಿ ಉಂಟಾ?" ಎಂದು ಕೇಳುವ ಧ್ವನಿ ಇನ್ನೂ ಕಿವಿಯಲ್ಲಿದೆ. ನನ್ನನ್ನು ಅವರು ಹೆಸರು ಹಿಡಿದು ಕರೆದವರೇ ಅಲ್ಲ. ಕೊನೆಯವರೆಗೂ ನಾನು "ರಸಾಯನದವರೇ" ಆಗಿದ್ದೆ.

ಅವರ ತರಗತಿಗೆ ಬರುತ್ತಿದ್ದವರು ಎರಡು ಬಗೆ: ಬೇರೆ ವಿಷಯದಲ್ಲಿ ಜಾಗ ಸಿಗದವರು, ಬಸ್ಸಿಗೆ ಇನ್ನೂ ಹೊತ್ತಿರುವವರು. ಇಬ್ಬರಿಗೂ ಅವರು ಒಂದೇ ಗಾಂಭೀರ್ಯದಿಂದ ಪಾಠ ಹೇಳುತ್ತಿದ್ದರು. ಬಲಗೈಯ ತೋರುಬೆರಳನ್ನು ಎತ್ತಿ, "ಪದ ಎಂದರೆ ಬೆರಳು. ಬೆರಳಿನ ತುದಿಯಲ್ಲಿ ಒಂದು ವಸ್ತು ಇರಬೇಕು. ವಸ್ತು ಇಲ್ಲದಿದ್ದರೆ ಅದು ಪದವಲ್ಲ, ಕೆಮ್ಮು" ಎಂದು ಆರಂಭಿಸುತ್ತಿದ್ದರು. ತೊಂದರೆ ಏನೆಂದರೆ, ಹುಡುಗನಾಗಿದ್ದಾಗ ಗೇರುಮರದಿಂದ ಬಿದ್ದು ಆ ಬೆರಳು ಮುರಿದಿತ್ತು. ಊರಿನ ಮೂಳೆಯ ವೈದ್ಯರು ಕಟ್ಟಿದ ಕಟ್ಟು ಬಿಚ್ಚುವಾಗ ಬೆರಳು ಎಡಕ್ಕೆ ವಾಲಿ ಅಲ್ಲೇ ನೆಲೆಯಾಗಿತ್ತು. ಮಾಷ್ಟ್ರು ಕರಿಹಲಗೆಯನ್ನು ತೋರಿಸಿದರೆ ಮಕ್ಕಳು ಕಿಟಕಿಯನ್ನು ನೋಡುತ್ತಿದ್ದರು. ಅದು ಅವಿಧೇಯತೆಯಲ್ಲ. ಬೆರಳು ಆ ಕಡೆಗಿತ್ತು.

ಒಂದು ಪದಕ್ಕೆ ಒಂದು ವಸ್ತು ಎಂಬ ಈ ನಂಬಿಕೆಗೆ ಮೊದಲ ಅಡ್ಡಿ ತಂದವನು ಹಿಂದಿನ ಬೆಂಚಿನ ಒಬ್ಬ. "ಮಾಷ್ಟ್ರೆ, ಹತ್ತು ಅಂದರೆ ಸಂಖ್ಯೆಯೂ ಆಗ್ತದೆ, ಮರ ಹತ್ತುದೂ ಆಗ್ತದೆ. ಆಗ ಬೆರಳು ಎಲ್ಲಿಗೆ?" ಮಾಷ್ಟ್ರು ಇದನ್ನು ನೊಣ ಓಡಿಸಿದ ಹಾಗೆ ಓಡಿಸಿದರು. "ಅದು ಎರಡು ಪದ ಮಾರಾಯ. ಒಂದೇ ಬಣ್ಣದ ಅಂಗಿ ಹಾಕಿ ಒಂದೇ ಬಸ್ಸಿನಲ್ಲಿ ಕೂತಿದಾವೆ. ಒಂದಕ್ಕೊಂದು ಪರಿಚಯ ಇಲ್ಲ." ಹುಡುಗ ಕೂತ. ಆದರೆ ಬಸ್ಸು ಎಂಬ ಪದವನ್ನು ಬಾಯಿಗೆ ತಂದದ್ದು ಮಾಷ್ಟ್ರ ತಪ್ಪು. ಆ ದಿನ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವರ ಮುಖ ಬಾಡಿತ್ತು.

"ರಸಾಯನದವರೇ, ಏಳು ಗಂಟೆಯ ಸುಬ್ರಹ್ಮಣ್ಯ ಬಸ್ಸು ಎಷ್ಟು ವರ್ಷದಿಂದ ಉಂಟು?"

"ನಾನು ಇಲ್ಲಿಗೆ ಬಂದಾಗಲೇ ಇತ್ತು."

"ನಿನ್ನೆ ಅದಕ್ಕೆ ಹೊಸ ಟಯರು ಹಾಕಿದ್ದಾರೆ. ಸರಿ. ಕಳೆದ ವಾರ ಅದು ಗ್ಯಾರೇಜಿನಲ್ಲಿತ್ತು. ಆದರೆ ಕಳೆದ ವಾರವೂ ಏಳು ಗಂಟೆಯ ಬಸ್ಸು ದಿನಾ ಬಂದಿದೆ. ಗ್ಯಾರೇಜಿನಲ್ಲಿ ಮಲಗಿದ್ದದ್ದು ಯಾವುದು, ಏಳು ಗಂಟೆಗೆ ಬಂದದ್ದು ಯಾವುದು?"

"ಬೇರೆ ಗಾಡಿ ಹಾಕಿರ್ತಾರೆ."

"ಗಾಡಿ ಬೇರೆ. ಬಸ್ಸು?"

ನಾನು ಅವರ ಊರಾದ ಕುಂಬ್ರದ ಬಸ್ಸು ಬಂತೆಂದು ಸುಳ್ಳು ಹೇಳಿ ಪಾರಾದೆ. ಅವರು ಪಾರಾಗಲಿಲ್ಲ. ಪರಿಚಯವೇ ಇಲ್ಲದ ಎರಡು ಅರ್ಥಗಳು ಅವರಿಗೆ ಲೆಕ್ಕಕ್ಕಿರಲಿಲ್ಲ. ಅವರ ನೆಮ್ಮದಿ ಕೆಡಿಸಿದ್ದು ಒಂದೇ ಮನೆಯ ಅಣ್ಣತಮ್ಮಂದಿರಂಥ ಅರ್ಥಗಳು. ಗಾಡಿಯೂ ಬಸ್ಸೇ, ಅದರ ಹೊತ್ತೂ ಬಸ್ಸೇ, ಒಳಗಿನ ಜನವೂ ಬಸ್ಸೇ: "ಇಡೀ ಬಸ್ಸು ನಕ್ಕಿತು" ಎನ್ನುತ್ತೇವೆ. ಇವಕ್ಕೆ ಬೇರೆ ಬೇರೆ ಪದ ಎನ್ನಲಿಕ್ಕೂ ಆಗದು, ಒಂದೇ ವಸ್ತು ಎನ್ನಲಿಕ್ಕೂ ಆಗದು. ಬೆರಳು ಒಂದು, ಎದುರಿಗೆ ಮೂವರು, ಮೂವರೂ "ನನ್ನನ್ನೇ ತೋರಿಸಿದ್ದು" ಎಂದು ಎದ್ದು ನಿಲ್ಲುತ್ತಾರೆ.

ಅವರ ಮನೆ ಕುಂಬ್ರದಲ್ಲಿತ್ತು. ತಾಲೂಕಿನ ಲೆಕ್ಕದಲ್ಲಿ ಕುಂಬ್ರ ಇರುವುದು ಪುತ್ತೂರಿನಲ್ಲಿ. ಆದರೂ ಕುಂಬ್ರದವರು ದಿನಾ ಬೆಳಿಗ್ಗೆ ಪುತ್ತೂರಿಗೆ ಹೋಗುತ್ತಾರೆ. ತಾನು ಇರುವ ಜಾಗಕ್ಕೇ ಟಿಕೇಟು ತೆಗೆದು ಹೋಗುವ ಈ ಪದ್ಧತಿಯನ್ನು ಬೇರೆ ಯಾರೂ ಗಮನಿಸಿರಲಿಲ್ಲ. ಮಾಷ್ಟ್ರು ಗಮನಿಸಿದರು. ಒಮ್ಮೆ ಕಂಡಕ್ಟರನಲ್ಲಿ, "ನಾನು ಈಗ ಪುತ್ತೂರಿನಲ್ಲೇ ಇದ್ದೇನೆ. ಪುತ್ತೂರಿಗೆ ಟಿಕೇಟು ಕೊಡ್ತೀರಾ?" ಎಂದು ಕೇಳಿದ್ದರು. "ಹಾಗಾದ್ರೆ ಇಲ್ಲೇ ಇಳೀರಿ ಮಾಷ್ಟ್ರೆ" ಎಂದನಂತೆ ಅವನು. ಇದು ತರ್ಕಬದ್ಧ ಉತ್ತರವೆಂದು ಅವರು ಆತನನ್ನು ಬಹುಕಾಲ ಹೊಗಳುತ್ತಿದ್ದರು.

ಕಡಬ ಹೊಸ ತಾಲೂಕಾದಾಗ ಮಾಷ್ಟ್ರು ನನ್ನನ್ನು ಎಬ್ಬಿಸಿಕೊಂಡು ಕಡಬಕ್ಕೆ ಹೊರಟರು. ಏನು ಬದಲಾಗಿದೆಯೆಂದು ಕಣ್ಣಾರೆ ನೋಡಬೇಕಂತೆ. ನೋಡಿದೆವು. ಅದೇ ಅಂಗಡಿ, ಅದೇ ದನ, ಅದೇ ಜಾಗದಲ್ಲಿ ದನ. ಚಾ ಕುಡಿಯುವಾಗ ಪಕ್ಕದಲ್ಲಿದ್ದವರನ್ನು ಮಾಷ್ಟ್ರು ವಿಚಾರಿಸಿದರು.

"ಎಂತ ವಿಶೇಷ?"

"ಎಂತದೂ ಇಲ್ಲ. ನನ್ನ ಮನೆ ಆ ಗುಡ್ಡದ ಆಚೆ. ಸುಳ್ಯ ತಾಲೂಕಿನಲ್ಲಿ ಮಲಗಿದವ ಕಡಬದಲ್ಲಿ ಎದ್ದದ್ದು, ಅಷ್ಟೇ. ಮಗ್ಗುಲು ಸಹ ಬದಲಿಸ್ಲಿಲ್ಲ ಮಾರಾಯ್ರೆ."

ಮಾಷ್ಟ್ರು ಹಿಂದೆ ಬರುವಾಗ ದಾರಿಯುದ್ದಕ್ಕೂ ದನಗಳನ್ನೇ ನೋಡುತ್ತಿದ್ದರು. ಕೊನೆಗೆ, "ಊರು ಇಷ್ಟು ದೊಡ್ಡದಾಗಿದೆ, ದನಕ್ಕೆ ಗೊತ್ತೇ ಇಲ್ಲ" ಎಂದರು. ಅದರಲ್ಲಿ ತಿರಸ್ಕಾರ ಇರಲಿಲ್ಲ. ದನದ ಬಗ್ಗೆ ಸ್ವಲ್ಪ ಅಸೂಯೆ ಇತ್ತು.

ಮನೆಯಲ್ಲಿ ಅವರ ಹೆಂಡತಿ, ನಾವೆಲ್ಲ ಅಕ್ಕ ಎನ್ನುವವರು, ಇದಕ್ಕೆಲ್ಲ ಒಗ್ಗಿದ್ದರು. ಒಂದು ಮದುವೆಗೆ ಹೋಗಿ ಬಂದ ಮರುದಿನ ಮಾಷ್ಟ್ರು ಜಗಲಿಯಲ್ಲಿ ಹೊಟ್ಟೆ ನೀವಿಕೊಳ್ಳುತ್ತ ಕೂತಿದ್ದರು. "ನಿನ್ನೆಯ ಊಟ ರುಚಿ ಇತ್ತು, ಮೂರು ಗಂಟೆಗೆ ಮುಗಿಯಿತು, ಈಗ ಎದೆಯಲ್ಲಿ ಕೂತಿದೆ. ರುಚಿಯೂ ಇದ್ದು, ಗಡಿಯಾರ ನೋಡಿ ಮುಗಿದೂ ಹೋಗಿ, ಮರುದಿನ ಎದೆಯಲ್ಲಿ ಕೂರುವ ಆ ಒಂದು ವಸ್ತು ಯಾವುದು?"

"ಹಲಸಿನ ಹಣ್ಣಿನ ಗಟ್ಟಿ" ಎಂದರು ಅಕ್ಕ ಒಳಗಿನಿಂದ. "ಎರಡು ತಿನ್ಬೇಡಿ ಅಂತ ಹೇಳಿದ್ದೆ."

ಇಷ್ಟನ್ನು ಓದಿ ಇವರು ಬರಿಯ ತರಲೆ ಎಂದುಕೊಂಡರೆ ತಪ್ಪು. ತರಲೆಯವನಿಗೆ ಎದುರಿನವನು ಸೋಲಬೇಕು. ಮಾಷ್ಟ್ರಿಗೆ ತಾನು ಸೋಲಬೇಕಿತ್ತು. ಯಾರಾದರೂ ಎದ್ದು ನಿಂತು, ಸರಿಯಾದ ದಾರಿಯಲ್ಲಿ ಬಂದು, ತನ್ನ ಸಿದ್ಧಾಂತವನ್ನು ಖಂಡಿಸಬೇಕು ಅಥವಾ ಅದನ್ನು ಈ ಅಣ್ಣತಮ್ಮಂದಿರಿಂದ ಕಾಪಾಡಬೇಕು. ಎರಡರಲ್ಲಿ ಒಂದಾಗುವವರೆಗೆ ಅವರಿಗೆ ಸಮಾಧಾನ ಇಲ್ಲ. ಕಾಲೇಜಿನಲ್ಲಿ ಅಂಥವರು ಸಿಗಲಿಲ್ಲ. ಅವರು ನಿವೃತ್ತರಾದಾಗ ಕಾಲೇಜಿನವರು ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ವಿಷಯವನ್ನೂ ಅವರ ಜೊತೆಯಲ್ಲೇ ನಿವೃತ್ತಿಗೊಳಿಸಿದರು. ಆಮೇಲೆ ಅವರಿಗೆ ಎದುರು ಮಾತಾಡುವ ಜಾಗ ಎಂದು ಉಳಿದದ್ದು ಒಂದೇ: ಶನಿವಾರದ ಸಂಘ.

ಕುಂಬ್ರದ ಪೇಟೆಯ ಬದಿಯಲ್ಲಿ ಹಂಚಿನ ಒಂದು ಸಣ್ಣ ಕಟ್ಟಡ. ಪ್ರತಿ ಶನಿವಾರ ಸಂಜೆ ಅಲ್ಲಿ ತಾಳಮದ್ದಳೆ. ತಿಳಿಯದವರಿಗಾಗಿ ಹೇಳುತ್ತೇನೆ: ಇದು ವೇಷವಿಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕೂತವರು ಪುರಾಣದ ಪಾತ್ರಗಳಾಗಿ ವಾದಕ್ಕೆ ಇಳಿಯುತ್ತಾರೆ. ಮಾತು ಮೊದಲೇ ಬರೆದಿರುವುದಿಲ್ಲ. ಇದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ವಾದದಲ್ಲಿ ಎಷ್ಟು ಗೆದ್ದರೂ, ಕಥೆಯ ಪ್ರಕಾರ ಸೋಲಬೇಕಾದವನು ಕೊನೆಗೆ ಸೋಲಲೇಬೇಕು.

ಮಾಷ್ಟ್ರಿಗೆ ಯಾವಾಗಲೂ ಸೋಲುವ ದೊರೆಗಳ ಅರ್ಥ. ಎದುರಿಗೆ ಗುತ್ತಿಗಾರಿನ ಗೌಡರು. ಗೌಡರಿಗೆ ಕಾಡಿನ ಅಂಚಿನಲ್ಲಿ ರಬ್ಬರು, ಅಡಿಕೆ. ಮನೆಯಲ್ಲಿ ಅರೆಭಾಷೆ, ಕೆಲಸದವರಲ್ಲಿ ತುಳು, ವೇದಿಕೆಯಲ್ಲಿ ಸಂಸ್ಕೃತದ ಮೆರುಗಿನ ಕನ್ನಡ. ಪ್ರತಿ ಶನಿವಾರ ಗುಡ್ಡ ಇಳಿದು ಜೀಪಿನಲ್ಲಿ ಬರುತ್ತಿದ್ದರು. ಭಾಗವತರಿಗಿಂತ ದೊಡ್ಡ ಸ್ವರ. ನಾನು ದ್ವಾರಪಾಲಕ. "ಅಪ್ಪಣೆ" ಎಂಬುದು ನನ್ನ ಮುಖ್ಯ ಸಂಭಾಷಣೆ. ಕೇಳುವವರಲ್ಲಿ ಅತ್ಯಂತ ನಿಷ್ಠಾವಂತರೆಂದರೆ ಪಕ್ಕದ ಶಾಮಿಯಾನ ಅಂಗಡಿಯ ಹಾಜಿಯವರು. ಕುರ್ಚಿ ಅವರದ್ದೇ. ಕುರ್ಚಿ ಹಿಂದೆ ಕೊಂಡುಹೋಗಲಿಕ್ಕೆ ಕೂತಿದ್ದೇನೆ ಎನ್ನುತ್ತಿದ್ದರು. ಒಳ್ಳೆಯ ಮಾತು ಬಂದಾಗ ಮಾತ್ರ ಅವರ ಕುರ್ಚಿ ಕಿರ್ ಎನ್ನುತ್ತಿತ್ತು.

ಮಾಷ್ಟ್ರನ್ನು ಸೋಲಿಸುವುದೇ ಒಂದು ಪಾಡು. ಒಮ್ಮೆ ಅವರ ದೊರೆಗೆ ಬಾಣ ತಾಗಿತೆಂದು ಭಾಗವತರು ಹಾಡಿ ಮುಗಿಸಿದರು. ದೊರೆ ಬೀಳಲಿಲ್ಲ. "ಬಾಣ ತಾಗಿದ್ದು ನನ್ನ ಎದೆಗೆ. ವಾದಕ್ಕೆ ಎಲ್ಲಿ ತಾಗಿದೆ?" ಎಂದರು. ಗೌಡರು ಆ ದಿನ ದೇವರ ಪಾತ್ರದಲ್ಲಿದ್ದರು. ದೇವರು ಗಡಿಯಾರ ನೋಡಿದರು. ಮತ್ತೆ ವಾದ ನಡೆಯಿತು. ಕೊನೆಗೆ ಭಾಗವತರು ಮದ್ದಳೆಯವರಿಗೆ ಕಣ್ಣು ಹೊಡೆದು, ಜೋರಾಗಿ ಮಂಗಳ ಹಾಡಿ, ಬದುಕಿರುವ ದೊರೆಯ ಮೇಲೆಯೇ ಪ್ರಸಂಗ ಮುಗಿಸಿದರು. ಹೊರಗೆ ಬಂದು ಮಾಷ್ಟ್ರು ಗೌಡರ ಹೆಗಲಿಗೆ ಕೈ ಹಾಕಿ ಹೇಳಿದರು: "ನೀವು ಎರಡನೇ ಸಲ ಹೇಳಿದ ಮಾತಿನಲ್ಲಿ ನಾನು ಸಾಯಬಹುದಿತ್ತು ಗೌಡ್ರೆ. ನೀವೇ ಅದನ್ನು ಅರ್ಧಕ್ಕೆ ಬಿಟ್ರಿ." ಗೌಡರ ಕಣ್ಣಲ್ಲಿ ಪಶ್ಚಾತ್ತಾಪ ಕಂಡಿತು.

ಹೀಗಿರುವಾಗ ರಸ್ತೆ ಅಗಲ ಮಾಡುವವರು ಬಂದು ಗೋಡೆಗೆ ಕೆಂಪು ಗುರುತು ಹಾಕಿ ಹೋದರು. ಸಂಘದ ಕಟ್ಟಡ ಪೂರ್ತಿ ರಸ್ತೆಗೆ ಹೋಗುವುದೆಂದು ಆಯಿತು. ಸದಸ್ಯರಲ್ಲಿ ಕೆಲವರು, ಇನ್ನು ಸಾಕು, ತಾಳ-ಮದ್ದಳೆಯನ್ನು ಶಾಲೆಗೆ ಕೊಟ್ಟು ಸಂಘವನ್ನು ವಿಸರ್ಜಿಸುವ ಎಂದರು. ಕೆಲವರು ಯಾರದಾದರೂ ಜಗಲಿಯಲ್ಲಿ ಮುಂದುವರಿಸುವ ಎಂದರು. ಬೇರೆ ಊರಿನವರಾದರೆ ಕೂತು ಮಾತಾಡಿ ತೀರ್ಮಾನಿಸುತ್ತಿದ್ದರು. ನಮ್ಮವರು ಹಾಗೆ ಮಾಡುವವರಲ್ಲ. ಭಾಗವತರು, ವಿಷಯವನ್ನು ಅರ್ಥಕ್ಕೆ ಇಡುವ ಎಂದರು. 'ಸಂಘ ಹೋಯಿತು' ಎಂಬ ಪಕ್ಷಕ್ಕೆ ಮಾಷ್ಟ್ರು, 'ಸಂಘ ಉಂಟು' ಎಂಬ ಪಕ್ಷಕ್ಕೆ ಗೌಡರು.

ಇದರ ಹಿಂದೆ ಭಾಗವತರ ಒಂದು ಲೆಕ್ಕಾಚಾರ ಇತ್ತು. ಸೋಲುವ ಪಕ್ಷ ಮಾಷ್ಟ್ರಿಗೆ ರೂಢಿ. ಅವರು ಚೆನ್ನಾಗಿ ವಾದಿಸುತ್ತಾರೆ, ಗೌಡರು ಅದಕ್ಕಿಂತ ಚೆನ್ನಾಗಿ ಖಂಡಿಸುತ್ತಾರೆ, ಸಂಘ ಉಳಿಯುತ್ತದೆ, ಎಲ್ಲರೂ ಅವಲಕ್ಕಿ ತಿಂದು ಮನೆಗೆ ಹೋಗುವುದು. ಮಾಷ್ಟ್ರಿಗೂ ಇದು ಗೊತ್ತಿತ್ತು. ಆ ವಾರ ಪೂರ್ತಿ ಅವರು ಉಲ್ಲಾಸದಲ್ಲಿದ್ದರು. "ಈ ಸಲ ಗೌಡ್ರು ನನ್ನನ್ನು ಬಿಡುದಿಲ್ಲ" ಎಂದು ನನ್ನಲ್ಲಿ ಎರಡು ಸಲ ಹೇಳಿದರು, ಮದುಮಗಳ ಹಾಗೆ ನಾಚಿಕೊಂಡು.

ಶನಿವಾರ ಎಲ್ಲರೂ ಬಂದರು. ಗೌಡರು ಬರಲಿಲ್ಲ. ಫೋನು ಹೋಗುವುದಿಲ್ಲ. ಕಾದು ಕಾದು, ಆರಂಭಿಸುವ, ಅಷ್ಟರಲ್ಲಿ ಬಂದಾರು ಎಂದರು ಭಾಗವತರು. ಮಾಷ್ಟ್ರು ಬೆರಳು ಎತ್ತಿದರು. ನಾವು ಅಭ್ಯಾಸಬಲದಿಂದ ಸ್ವಲ್ಪ ಎಡಕ್ಕೆ ನೋಡಿದೆವು.

"ಸಂಘ, ಸಂಘ ಎನ್ನುತ್ತೀರಿ. ಯಾವುದು ಸಂಘ? ಈ ಕಟ್ಟಡವೋ? ಇದಕ್ಕೆ ನಾಡಿದ್ದು ಯಂತ್ರ ಬರುತ್ತದೆ. ಸದಸ್ಯರೋ? ಸಂಘವನ್ನು ಸ್ಥಾಪಿಸಿದವರಲ್ಲಿ ಒಬ್ಬರೂ ಇಂದು ಇಲ್ಲ, ಆದರೂ ಅದೇ ಸಂಘ ಎಂದು ಬೋರ್ಡು ತೂಗುತ್ತಿದೆ. ಶನಿವಾರದ ಕೂಟವೋ? ಹಾಗಾದರೆ ಭಾನುವಾರ ಸಂಘ ಎಲ್ಲಿಗೆ ಹೋಗುತ್ತದೆ? ಎಲ್ಲ ಸೇರಿ ಒಂದೋ? ಕಳೆದ ದೀಪಾವಳಿಗೆ ಸಂಘಕ್ಕೆ ಸುಣ್ಣ ಹೊಡೆದೆವು. ನನ್ನ ಮೈಗೆ ಯಾರೂ ಸುಣ್ಣ ಹೊಡೆಯಲಿಲ್ಲ. ಅದೇ ಸಂಘ ಭಾಗವತರನ್ನು ಸನ್ಮಾನಿಸಲು ತೀರ್ಮಾನಿಸಿತು. ಗೋಡೆ ಕೈ ಎತ್ತಲಿಲ್ಲ. ಸುಣ್ಣ ಹೊಡೆಸಿಕೊಳ್ಳುವ, ಸನ್ಮಾನ ಮಾಡುವ, ಸದಸ್ಯರು ಸತ್ತರೂ ಸಾಯದ, ಶನಿವಾರ ಮಾತ್ರ ಗದ್ದಲ ಮಾಡುವ ಅಂಥ ಒಂದು ಪ್ರಾಣಿಯನ್ನು ನನಗೆ ತೋರಿಸಿ. ಆಗುವುದಿಲ್ಲ. ಅಂಥ ವಸ್ತು ಇಲ್ಲ. ವಸ್ತು ಇಲ್ಲದ ಪದ ಕೆಮ್ಮು. ಕೆಮ್ಮನ್ನು ಉಳಿಸಿಕೊಳ್ಳಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ."

ಹಾಜಿಯವರ ಕುರ್ಚಿ ಕಿರ್ ಎಂದಿತು. ಮಾಷ್ಟ್ರು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ನಾಯಿ ಇತ್ತು.

"ಇದನ್ನು ಖಂಡಿಸಬಹುದು" ಎಂದರು ಮಾಷ್ಟ್ರು.

ಯಾರೂ ಖಂಡಿಸಲಿಲ್ಲ.

"ಬಹಳ ಸುಲಭದಲ್ಲಿ ಖಂಡಿಸಬಹುದು. ಮಧ್ಯದಲ್ಲಿ ಒಂದು ಕಡೆ ಸಡಿಲ ಉಂಟು." ಅವರು ನನ್ನನ್ನು ನೋಡಿದರು. ನಾನು ದ್ವಾರಪಾಲಕ. "ಅಪ್ಪಣೆ" ಎನ್ನುವುದನ್ನು ಬಿಟ್ಟು ಏನೂ ಬಾಯಿಗೆ ಬರಲಿಲ್ಲ.

"ಮಾಷ್ಟ್ರು ಅಷ್ಟು ಹೇಳಿದ ಮೇಲೆ ಮುಗೀತಲ್ಲ" ಎಂದು ಯಾರೋ ಚಪ್ಪಾಳೆ ತಟ್ಟಿದರು. "ನೀವೇ ಒಮ್ಮೆ ಖಂಡಿಸಿಬಿಡಿ ಮಾಷ್ಟ್ರೆ" ಎಂದು ಭಾಗವತರು ಪಿಸುಗುಟ್ಟಿದರು. ಮಾಷ್ಟ್ರು ತಲೆಯಾಡಿಸಿದರು. ಒಂದೇ ಕೂಟದಲ್ಲಿ ಒಬ್ಬನೇ ಎರಡೂ ಕಡೆಯ ಅರ್ಥ ಹೇಳಬಾರದು. ಅದು ಸಂಘದ ನಿಯಮ. ಇಲ್ಲದ ಸಂಘದ ನಿಯಮವನ್ನು ಅವರು ಮುರಿಯಲಿಲ್ಲ. ಕೈಗಳು ಎದ್ದವು. ಸಂಘ ವಿಸರ್ಜನೆಯಾಯಿತು. ಮಾಷ್ಟ್ರು ಕೈ ಎತ್ತಲಿಲ್ಲ. ಮೆಟ್ಟಲಿಳಿಯುವಾಗ, "ನಾನು ಹೇಳಿದ್ದು ಅರ್ಥ, ಅಭಿಪ್ರಾಯ ಅಲ್ಲ" ಎಂದರು. ಅದನ್ನು ಕೇಳಿಸಿಕೊಂಡವರು ನಾನು ಮತ್ತು ನಾಯಿ.

ಆ ವಾರ ಯಂತ್ರ ಬಂತು. ಅಕ್ಕ ನನಗೆ ಫೋನು ಮಾಡಿದರು. "ಇವರು ಊಟಕ್ಕೆ ಕೂತರೆ ಮಾತಾಡುದೇ ಇಲ್ಲ. ಅನ್ನ ಅಂದರೆ ಎಂತ ಅಂತ ಸಹ ಕೇಳುದಿಲ್ಲ. ನನಗೆ ಹೆದರಿಕೆ ಆಗ್ತದೆ." ಹೋಗಿ ನೋಡಿದೆ. ಮಾಷ್ಟ್ರು ಜಗಲಿಯಲ್ಲಿ ಕೂತಿದ್ದರು. ನಾನು ಬೇಕೆಂತಲೇ "ಬಸ್ಸು ಇವತ್ತು ಸಿಟ್ಟಿನಲ್ಲಿತ್ತು" ಎಂದೆ. "ಹೌದಾ" ಎಂದರು. ಇದು ಕಾಯಿಲೆಯೇ ಎಂದು ನನಗೂ ಅನಿಸಿತು. ಸಂಘ ಹೋದದ್ದು ಉಳಿದವರಿಗೆ ಶನಿವಾರ ಹೋದಂತೆ. ಅವರಿಗೆ ಉತ್ತರ ಕೊಡುವವರೇ ಹೋಗಿದ್ದರು, ಅದೂ ಅವರ ಬಾಯಿಂದಲೇ.

ಮುಂದಿನ ಶನಿವಾರ ಸಂಜೆ ನಾನು ಕುಂಬ್ರದಲ್ಲಿ ಇಳಿದೆ. ಬಾಳೆಹಣ್ಣು ತರಲಿಕ್ಕಿತ್ತು. ಬಾಳೆಹಣ್ಣು ಪುತ್ತೂರಿನಲ್ಲೂ ಸಿಗುತ್ತದೆ, ಆ ಮಾತು ಬೇರೆ. ಸಂಘ ಇದ್ದ ಜಾಗದಲ್ಲಿ ಕೆಂಪು ಮಣ್ಣು, ಒಡೆದ ಹಂಚು. ಆಚೆ ಬದಿಯಲ್ಲಿ ಭಾಗವತರು ನಿಂತಿದ್ದರು. ಚಪ್ಪಲಿ ಹೊಲಿಸಲು ಬಂದದ್ದಂತೆ, ಕಾಲಲ್ಲಿ ಹೊಸ ಚಪ್ಪಲಿ. ಮದ್ದಳೆಯವರು ಯಾರಿಗೋ ಕಾಯುತ್ತಿದ್ದರಂತೆ. ಒಬ್ಬೊಬ್ಬರಾಗಿ ಎಲ್ಲರೂ ಕಾಣಿಸಿಕೊಂಡರು, ಎಲ್ಲರಿಗೂ ಒಂದೊಂದು ಕೆಲಸ. ಹಾಜಿಯವರು ಅಂಗಡಿಯಿಂದ ಕುರ್ಚಿಗಳನ್ನು ತಂದು ರಸ್ತೆಯ ಬದಿಗೆ ಇಡುತ್ತಿದ್ದರು. ಬಿಸ್ಲಿಗೆ ಇಡುದು ಎಂದರು. ಬಿಸಿಲು ಇರಲಿಲ್ಲ. ಮಾಷ್ಟ್ರು ಒಡೆದ ಹಂಚಿನ ರಾಶಿಯ ಪಕ್ಕ ಕೊಡೆಯ ಮೇಲೆ ಭಾರ ಹಾಕಿ ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆಗ ಗೌಡರ ಜೀಪು ಬಂತು. ಗೌಡರು ಇಸ್ತ್ರಿಯ ಪಂಚೆ, ಶಾಲು, ಕುಂಕುಮದಲ್ಲಿ, ಯುದ್ಧಕ್ಕೆ ಹೊರಟ ಸಜ್ಜಿನಲ್ಲಿ ಇಳಿದರು. ಮಣ್ಣನ್ನು ನೋಡಿದರು, ನಮ್ಮನ್ನು ನೋಡಿದರು.

"ಎಂತ ಇದು? ಕಟ್ಟಡ ತೆಗೆದೇಬಿಟ್ರಾ? ಕಳೆದ ವಾರ ಬರ್ಲಿಕ್ಕೆ ಆಗ್ಲಿಲ್ಲ ಮಾರಾಯ್ರೆ. ಆನೆ ಬಂದದ್ದಲ್ಲ, ಬಂದು ಕೂತದ್ದು. ಜೀಪಿನ ದಾರಿಯಲ್ಲೇ. ಓಡುವಾಗ ನನ್ನ ಫೋನು ಎಲ್ಲಿ ಬಿತ್ತೋ, ಮೇಲೆ ಆನೆ ಕಾಲಿಟ್ಟಿತೋ ದೇವರಿಗೇ ಗೊತ್ತು. ಸರಿ, ಎಲ್ಲಿ ಕೂರುದು? ಮಾಷ್ಟ್ರೆ, ಸುರು ಮಾಡಿ."

"ಗೌಡ್ರೆ, ಸಂಘ ಇಲ್ಲ" ಎಂದರು ಮಾಷ್ಟ್ರು. "ವಿಸರ್ಜನೆ ಆಗಿದೆ. ನಾನು ಗೆದ್ದೆ."

ಗೌಡರಿಗೆ ವಿಷಯ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಮಾಷ್ಟ್ರ ವಾದವನ್ನು ಸುಣ್ಣದಿಂದ ಕೆಮ್ಮಿನವರೆಗೆ ಒಪ್ಪಿಸಿದೆ. ಗೌಡರು ಮೊದಲು ಅರೆಭಾಷೆಯಲ್ಲಿ ಏನೋ ಬೈದರು. ಆಮೇಲೆ ಶಾಲು ಸರಿಮಾಡಿಕೊಂಡು ಮಾಷ್ಟ್ರ ಎದುರು ನಿಂತರು.

"ಮಾಷ್ಟ್ರೆ, ನೀವೆಂತ ಇಲ್ಲಿ?"

"ಸುಮ್ಮನೆ."

"ತರ್ಕದವರು ಸುಮ್ಮನೆ ಎಲ್ಲಿಗೂ ಹೋಗುದಿಲ್ಲ. ಎಂತಕ್ಕೆ ಬಂದದ್ದು?"

ಮಾಷ್ಟ್ರು ಹಂಚಿನ ರಾಶಿಯನ್ನು ನೋಡಿದರು. "ಶನಿವಾರ ಅಲ್ವಾ."

"ಶನಿವಾರ ಎಂತ ಉಂಟು?"

ಮಾಷ್ಟ್ರು ಸುಳ್ಳು ಹೇಳುವವರಲ್ಲ. "ಸಂಘಕ್ಕೆ ಬಂದದ್ದು" ಎಂದರು, ಬಹಳ ಸಣ್ಣ ಸ್ವರದಲ್ಲಿ.

ಯಾರೂ ನಗಲಿಲ್ಲ. ನಗಬೇಕಾದವರೆಲ್ಲ ಅದಕ್ಕೇ ಬಂದಿದ್ದರು.

"ಆದರೆ ನನ್ನ ಪ್ರಶ್ನೆ ಹಾಗೇ ಉಂಟು" ಎಂದು ಮಾಷ್ಟ್ರು ತಲೆ ಎತ್ತಿದರು. ಸ್ವರ ಸ್ವಲ್ಪ ಗಟ್ಟಿಯಾಯಿತು. "ಕಟ್ಟಡವೋ, ಜನವೋ, ಕೂಟವೋ? ಯಾವುದು ಸಂಘ?"

"ಅದು ನನಗೆ ಗೊತ್ತಿಲ್ಲ. ನೀವು ಯಾವುದಕ್ಕೆ ಬಂದಿರೋ, ಅದು."

"ಇದು ಖಂಡನೆ ಅಲ್ಲ, ನುಣುಚಿಕೊಳ್ಳುವುದು."

"ಇರಲಿ. ನೀವು ಕೇಳಿದ್ದು ಪದ ಎಂತದನ್ನು ತೋರಿಸ್ತದೆ ಅಂತ. ಪದಕ್ಕೆ ಕೈ ಉಂಟಾ ಮಾಷ್ಟ್ರೆ ತೋರಿಸ್ಲಿಕ್ಕೆ? ಸುಣ್ಣ ಹೊಡೆಯುವವ ಸಂಘ ಅಂದರೆ ಗೋಡೆ ತೋರಿಸಿದ. ಸನ್ಮಾನ ಮಾಡುವವ ಸಂಘ ಅಂದರೆ ನಮ್ಮನ್ನು ತೋರಿಸಿದ. ತೋರಿಸುದು ಪದ ಅಲ್ಲ, ನಾವು. ನಾವು ಇಷ್ಟು ಜನ ಇಲ್ಲೇ ನಿಂತಿದ್ದೇವೆ. ಯಾರ ಬೆರಳನ್ನು ನೀವು ವಿಸರ್ಜನೆ ಮಾಡಿದ್ದು?"

ಒಂದು ಲಾರಿ ಹೋಯಿತು, ಎಲ್ಲರ ಮೇಲೂ ಧೂಳು ಕೂತಿತು. ಮಾಷ್ಟ್ರು ತಮ್ಮ ಬೆರಳನ್ನು ಎತ್ತಿ, ಅದನ್ನು ಮೊದಲ ಬಾರಿ ನೋಡುವವರ ಹಾಗೆ ನೋಡಿದರು. ಆಮೇಲೆ ಒಂದು ಮಾತು ಹೇಳಿದರು.

"ಸೋತೆ."

"ಎಂತ?" ಎಂದರು ಭಾಗವತರು. ಅವರು ಈ ಶಬ್ದವನ್ನು ಮಾಷ್ಟ್ರ ಬಾಯಲ್ಲಿ ಕೇಳಿದವರಲ್ಲ.

"ಸೋತೆ ಮಾರಾಯ್ರೆ, ಸೋತೆ!" ಮಾಷ್ಟ್ರ ಮುಖ ಅರಳಿತ್ತು. ಹಾಜಿಯವರು ಎರಡು ಕುರ್ಚಿಗಳನ್ನು ಎದುರುಬದುರು ಇಟ್ಟರು. ನನ್ನ ಬಾಳೆಹಣ್ಣು ಅಲ್ಲೇ ಖರ್ಚಾಯಿತು.

ಅಂದಿನಿಂದ ಸಂಘ ಹಾಜಿಯವರ ಗೋಡೌನಿನಲ್ಲಿದೆ, ಕೊಪ್ಪರಿಗೆಗಳ ಮತ್ತು ಮಡಚಿದ ಪೆಂಡಾಲಿನ ನಡುವೆ. ಸೋತ ಸುದ್ದಿಯನ್ನು ಮಾಷ್ಟ್ರು ಊರೆಲ್ಲ ಹೇಳಿಕೊಂಡು ತಿರುಗಿದರು, ಮೊಮ್ಮಗ ಹುಟ್ಟಿದವರ ಹಾಗೆ. ಸಿದ್ಧಾಂತವನ್ನೂ ಬದಲಿಸಿದರು. "ಪದ ಬೆರಳಲ್ಲ ರಸಾಯನದವರೇ, ದೋಟಿ. ಹಣ್ಣು ಕೊಯ್ಯುವ ಉದ್ದ ಕೋಲು. ದೋಟಿಯ ಒಳಗೆ ಹಣ್ಣು ಇರುದಿಲ್ಲ. ಹಿಡಿದವ ಎಲ್ಲಿಗೆ ಎತ್ತಿದನೋ ಅಲ್ಲಿದ್ದದ್ದು ಸಿಗ್ತದೆ. ಆದರೆ ಒಂದು ದೋಟಿಗೆ ಎಟಕುವ ಮರಗಳೆಲ್ಲ ಒಂದೇ ಹಿತ್ತಲಿನವು. ಅದು ಯಾಕೆ ಹಾಗೆ ಅಂತ ಇನ್ನು ನೋಡ್ಬೇಕು." ಅದನ್ನು ನೋಡುವುದರಲ್ಲೇ ಅವರ ಉಳಿದ ವರ್ಷಗಳು ಕಳೆದವು. ಅಕ್ಕನಿಗೂ ನೆಮ್ಮದಿಯಾಯಿತು. ಅನ್ನ ಅಂದರೆ ಎಂತ ಎಂದು ಪುನಃ ಕೇಳತೊಡಗಿದ್ದರು.

ಗೌಡರು ಫೋನು ಮಾಡಿದ ಆ ದಿನ ಮಧ್ಯಾಹ್ನ ಮೇಲೆ ಅವರನ್ನು ತಂದರು. ಅಂಗಳದಲ್ಲಿ ಹಾಜಿಯವರ ಕುರ್ಚಿಗಳಿದ್ದವು. ಬಂದವರಿಗೆ ಅಕ್ಕ, "ಇವರು ಒಳಗಿದ್ದಾರೆ, ಹೋಗಿ ನೋಡಿ" ಎನ್ನುತ್ತಿದ್ದರು. ಪಕ್ಕದಲ್ಲಿ ಕೂತವರಿಗೆ, "ಇನ್ನು ಇವರು ಇಲ್ಲದೆ ಈ ಮನೆಯಲ್ಲಿ ಹೇಗೆ" ಎನ್ನುತ್ತಿದ್ದರು. ಒಂದೇ ಬಾಯಲ್ಲಿ ಎರಡೂ. ಗೌಡರು ನನ್ನನ್ನು ನೋಡಿದರು, ನಾನು ಗೌಡರನ್ನು. ಇಬ್ಬರೂ ಒಳಬಾಗಿಲ ಕಡೆಗೆ ಕಿವಿ ಕೊಟ್ಟೆವು. ಆಕ್ಷೇಪಣೆ ಬರಬೇಕಾದ ಜಾಗದಲ್ಲಿ ಆಕ್ಷೇಪಣೆ ಬರಲಿಲ್ಲ. ಗೌಡರು ಶಾಲನ್ನು ಮುಖಕ್ಕೆ ಒತ್ತಿಕೊಂಡರು. ವೈದ್ಯರು ಬೆಳಿಗ್ಗೆಯೇ ಹೇಳಿದ್ದರೂ ನನಗೆ ಖಾತ್ರಿಯಾದದ್ದು ಆಗ.

ಮುಂದಿನ ಶನಿವಾರ ಗೋಡೌನಿನಲ್ಲಿ ಭಾಗವತರು ಸೋಲುವ ದೊರೆಯ ಅರ್ಥವನ್ನು ನನಗೆ ಕೊಟ್ಟರು. ಬೇರೆ ಯಾರೂ ಇರಲಿಲ್ಲ. ಗೌಡರು ಮೊದಲ ಮಾತು ಹೇಳಿದರು. ನಾನು, ಹೌದು, ನೀವು ಹೇಳುವುದು ಸರಿ ಎಂದೆ. ಎರಡನೆಯ ಮಾತಿಗೆ ಸತ್ತೆ. ಹಾಜಿಯವರು ಕುರ್ಚಿ ಮಡಚಲು ಎದ್ದರು.

ಗೌಡರಿಗೆ ಸಿಟ್ಟು ಬಂತು. "ಇಷ್ಟು ಬೇಗ ಸೋತರೆ ಹೇಗೆ ಮಾರಾಯ್ರೆ? ನಾನು ಗುತ್ತಿಗಾರಿನಿಂದ ಬರುದು ಇದಕ್ಕಾ? ಹೀಗಾದ್ರೆ ಸಂಘ ನಡೆಯುದು ಹೇಗೆ?"

ಅವರ ಕಣ್ಣು ಕೆಂಪಾಗಿತ್ತು. ನಾನು ಬಲಗೈಯ ತೋರುಬೆರಳನ್ನು ಎತ್ತಿದೆ. ನನ್ನದು ನೆಟ್ಟಗಿದೆ. ಸ್ವಲ್ಪ ಎಡಕ್ಕೆ ವಾಲಿಸಿಕೊಂಡೆ.

"ಅದೇ ಗೌಡ್ರೆ, ನನ್ನದೊಂದು ಸಂಶಯ. ಸಂಘ, ಸಂಘ ಎನ್ನುತ್ತೀರಿ. ಯಾವುದು ಸಂಘ?"

ಭಾಗವತರು ತಾಳ ಕೆಳಗಿಟ್ಟರು. ಹಾಜಿಯವರು ಮಡಚಿದ ಕುರ್ಚಿಯನ್ನು ಪುನಃ ಬಿಡಿಸಿ ಕೂತರು. ಗೌಡರು ಶಾಲಿನಲ್ಲಿ ಮೂಗು ಒರೆಸಿಕೊಂಡು, ತಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದರು.

"ಹಾಂ, ಹಾಗೆ ಬನ್ನಿ" ಎಂದರು.